ಗೆಳೆಯನ ಎದೆಬಡಿತದ ಮೊದಲ ಪಟ್ಟಿ

ಕರ್ನಾಟಕದ ರಾಜ್ಯ ಹೆದ್ದಾರಿ 10ಕ್ಕೆ ವಾಗದರಿ–ರಿಬ್ಬನಪಲ್ಲಿ ರಸ್ತೆ ಎಂದು ಹೆಸರು. ಆಳಂದ, ಕಲಬುರಗಿ, ಸೇಡಂ ದಾಟಿ ತೆಲಂಗಾಣದ ಗಡಿ ಮುಟ್ಟುವ ಈ ರಸ್ತೆಗೆ ಹೆಸರು ಕೊಟ್ಟ ವಾಗದರಿ ಮಾತ್ರ ಇರುವುದು ಮಹಾರಾಷ್ಟ್ರದಲ್ಲಿ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ. ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಇಲ್ಲಿ ನಡುರಾತ್ರಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಗಾಡಿ ಅಕ್ಕಲಕೋಟ, ಸೊಲ್ಲಾಪುರದ ಕಡೆ ಹೊರಳಬೇಕು. ಇಲ್ಲವೇ ಆಳಂದದ ಮೇಲಿಂದ ಕಲಬುರಗಿಗೆ. ಯಾವ ದಿಕ್ಕಿಗೆ ಹೋದರೂ ಆಸ್ಪತ್ರೆಯಲ್ಲಿ ಮೊದಲು ಆಗಬೇಕಾದ ಕೆಲಸಗಳಲ್ಲೊಂದು ಇಸಿಜಿ ತೆಗೆಯುವುದು, ಅಂದರೆ ಹೃದಯದ ವಿದ್ಯುತ್ತನ್ನು ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ದಾಖಲಿಸುವುದು. ರೋಗಿ ಬಂದ 10 ನಿಮಿಷದೊಳಗೆ ಅದು ಆಗಿರಬೇಕು ಎನ್ನುತ್ತದೆ ವೈದ್ಯಕೀಯ ಮಾರ್ಗಸೂಚಿ.

ಆ ಪಟ್ಟಿಯನ್ನು ಓದುವ ಕಣ್ಣು ಪಳಗುವುದು ತುರ್ತು ವಾರ್ಡಿಗೂ ಬಹಳ ಮೊದಲೇ, ಎಂಬಿಬಿಎಸ್ ಮೊದಲ ವರ್ಷದ ಫಿಸಿಯಾಲಜಿ ಲ್ಯಾಬಿನಲ್ಲಿ. ಸೊಲ್ಲಾಪುರದಲ್ಲಿ 1963ರಿಂದ ಡಾ. ವೈಶಂಪಾಯನ್ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಿಗೆ 2019ರಲ್ಲಿ ಬಂದ ಹೊಸ ಪಠ್ಯಕ್ರಮದ ಪ್ರಕಾರ ಮೊದಲ ವರ್ಷದಲ್ಲೇ ವಿದ್ಯಾರ್ಥಿ ಆರೋಗ್ಯವಂತನೊಬ್ಬನ ಇಸಿಜಿಯನ್ನು ತಾನೇ ತೆಗೆದು, ತಾನೇ ಓದಲು ಕಲಿಯಬೇಕು. ಆ ಆರೋಗ್ಯವಂತ ಸಾಮಾನ್ಯವಾಗಿ ಪಕ್ಕದ ಬೆಂಚಿನ ಗೆಳೆಯ.

ಗೆಳೆಯ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗುತ್ತಾನೆ. ಚರ್ಮದ ಎಣ್ಣೆ, ಬೆವರು ಹೋಗಲೆಂದು ಸ್ಪಿರಿಟ್ ಹತ್ತಿಯಿಂದ ಒರೆಸಿ ಜೆಲ್ಲಿ ಹಚ್ಚುತ್ತಾರೆ. ಕೆಂಪು ವೈರು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಉಳಿದ ಆರು ಎದೆಯ ಮೇಲೆ. ವೈರು ಹತ್ತು, ‘ಲೀಡ್’ ಎಂಬ ಚಿತ್ರ ಹನ್ನೆರಡು. ಒಂದೇ ಹೃದಯವನ್ನು ಹನ್ನೆರಡು ಕೋನದಿಂದ ನೋಡಿದಂತೆ.

ಅಳೆಯಬೇಕಾದದ್ದು ತೀರ ಸಣ್ಣದು. ಚರ್ಮದ ಮೇಲೆ ಸಿಗುವ ಹೃದಯದ ವಿದ್ಯುತ್ತು ಒಂದು ಮಿಲಿವೋಲ್ಟಿನ ಆಸುಪಾಸಿನದು. ಟಾರ್ಚಿನ ಸೆಲ್ಲಿನಲ್ಲಿ ಅದರ ಸಾವಿರದ ಐನೂರು ಪಟ್ಟು ಇರುತ್ತದೆ. ಹಾಗಾಗಿ ಗೆಳೆಯ ನಕ್ಕರೂ ಗೆರೆ ನಡುಗುತ್ತದೆ, ಮುಷ್ಟಿ ಬಿಗಿದರೂ ನಡುಗುತ್ತದೆ. ಗೋಡೆಯ ವೈರಿಂಗಿನ 50 ಹರ್ಟ್ಜ್ ಕರೆಂಟು ನುಸುಳಿದರೆ ಗೆರೆಯ ತುಂಬ ಗರಗಸದ ಹಲ್ಲು. ಕೆಂಪು, ಹಳದಿ ಅದಲುಬದಲಾದರೆ ಮೊದಲನೆಯ ಲೀಡ್ ತಲೆಕೆಳಗಾಗಿ ಬರುತ್ತದೆ. ಈ ತಪ್ಪನ್ನು ಲ್ಯಾಬಿನಲ್ಲಿ ಬೇಕೆಂದೇ ಒಮ್ಮೆ ಮಾಡಿಸಿ ತೋರಿಸಬೇಕು. ಇಲ್ಲಿ ಕಂಡವರು ವಾರ್ಡಿನಲ್ಲಿ ಮೋಸಹೋಗುವುದಿಲ್ಲ.

ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಹೊರಬರುತ್ತದೆ. ಮೊದಲು ಸಣ್ಣ ದಿಬ್ಬ, ಅದು ಪಿ: ಹೃದಯದ ಮೇಲಿನ ಬಲ ಕೋಣೆಯಾದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ‘ಸೈನಸ್ ನೋಡ್’ ಎಂಬ ಗಂಟಿನಲ್ಲಿ ಹುಟ್ಟಿದ ಪ್ರಚೋದನೆ ಎರಡೂ ಹೃತ್ಕರ್ಣಗಳಿಗೆ ಹರಡಿದ ಗುರುತು. ಆಮೇಲೆ ಕ್ಷಣಮಾತ್ರ ಗೆರೆ ಸಪಾಟು. ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಲೆಂದು ಪ್ರಚೋದನೆ ಮೇಲಿನ–ಕೆಳಗಿನ ಕೋಣೆಗಳ ನಡುವಿನ ಇನ್ನೊಂದು ಗಂಟಿನಲ್ಲಿ ಸುಮಾರು ಸೆಕೆಂಡಿನ ಹತ್ತನೆಯ ಒಂದು ಪಾಲು ತಡೆದು ನಿಲ್ಲುತ್ತದೆ. ಆ ಸಪಾಟು ಗೆರೆ ಇಡೀ ಪಟ್ಟಿಯ ಅತ್ಯಂತ ಸುಂದರ ಭಾಗ. ಬಳಿಕ ಕ್ಯೂಆರ್‌ಎಸ್ ಎಂಬ ಚೂಪು ಶಿಖರ, ಕೊನೆಗೆ ಟಿ ಎಂಬ ದುಂಡನೆಯ ಗುಡ್ಡ. ಕಾಗದದ ಮೇಲೆ ಅಚ್ಚಾಗಿರುವ ದೊಡ್ಡ ಚೌಕಗಳಲ್ಲಿ ಎರಡು ಶಿಖರಗಳ ನಡುವಿನವನ್ನು ಎಣಿಸಿ 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ: ನಾಲ್ಕು ಚೌಕಕ್ಕೆ 75. ಗೆಳೆಯ ದೀರ್ಘ ಉಸಿರೆಳೆದರೆ ಶಿಖರಗಳು ಹತ್ತಿರ ಸರಿಯುತ್ತವೆ, ಉಸಿರು ಬಿಟ್ಟರೆ ದೂರವಾಗುತ್ತವೆ. ಎಳೆಯ ಹೃದಯಕ್ಕೆ ಇದು ಸಹಜ, ರೋಗವಲ್ಲ.

ಒಂದು ತಲೆಮಾರಿನ ಹಿಂದಿನ ವೈದ್ಯರಿಗೆ ಫಿಸಿಯಾಲಜಿ ಲ್ಯಾಬ್ ಎಂದರೆ ಕಪ್ಪೆ. ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಕಪ್ಪೆಯ ಹೃದಯದ ಕುಗ್ಗು–ಹಿಗ್ಗು ಗೀಚಿಕೊಳ್ಳುತ್ತಿತ್ತು. ಅದು ಸ್ನಾಯುವಿನ ಎಳೆತದ ದಾಖಲೆ, ವಿದ್ಯುತ್ತಿನದಲ್ಲ. ಆದರೆ ವಿದ್ಯುತ್ತಿನ ಕಥೆಯಲ್ಲೂ ಕಪ್ಪೆಗೆ ಪಾಲಿದೆ. 1856ರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಕೋಲಿಕರ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ಕಪ್ಪೆಯ ಕಾಲಿನ ನರವನ್ನು ಮಿಡಿಯುವ ಹೃದಯದ ಮೇಲಿಟ್ಟರು. ಬಡಿತಕ್ಕೊಮ್ಮೆ ಕಾಲು ಅದುರಿತು. ಮನುಷ್ಯನ ಮೈಮೇಲಿನಿಂದಲೇ ಆ ವಿದ್ಯುತ್ತನ್ನು ಮೊದಲು ಹಿಡಿದದ್ದು ಲಂಡನ್ನಿನ ಅಗಸ್ಟಸ್ ವಾಲರ್, 1887ರಲ್ಲಿ. ತನ್ನ ನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ಆತ ಪ್ರದರ್ಶನ ಕೊಟ್ಟಾಗ, ಇದು ಹಿಂಸೆಯಲ್ಲವೇ ಎಂದು 1909ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತು.

ಇಂದಿನ ಪಟ್ಟಿಯ ನಿಜವಾದ ತಂದೆ ಹಾಲೆಂಡಿನ ಲೈಡನ್ನಿನ ವಿಲ್ಲೆಮ್ ಐಂಥೋವನ್. ಅವರ ಯಂತ್ರದ ತೂಕ ಸುಮಾರು 270 ಕಿಲೊ, ನಡೆಸಲು ಐದು ಜನ. 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೇಲೆ ಲ್ಯಾಬಿಗೆ ತರಿಸಿಕೊಂಡರು. 1924ರಲ್ಲಿ ನೊಬೆಲ್ ಬಂತು. ಕರ್ನಾಟಕ ಸರ್ಕಾರದ ಡಾ. ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆ ಅದೇ ದಾರಿಯಲ್ಲಿ ನಡೆಯುತ್ತದೆ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಹೃದಯಾಘಾತ ಎಂದಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತ.

ಅಕ್ಕಲಕೋಟ ಸೀಮೆಯಲ್ಲಿ ಇನ್ನೊಂದು ಮಾತೂ ಇದೆ. ಇಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅವುಗಳಲ್ಲಿ ಓದಿ ವೈದ್ಯಕೀಯಕ್ಕೆ ಹೋದ ಹುಡುಗ–ಹುಡುಗಿಯರು ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ಕಾಲೇಜಿನಲ್ಲಿ ಮರಾಠಿ ಆಡುತ್ತಾರೆ. ರೋಗಿ ಹೇಳುವುದು ಮಾತ್ರ ‘ಎದಿ ಹಿಂಡಿದಂಗ ಆಗಲತ್ತದ’ ಎಂದೇ. ಹಿಂಡುವುದು, ಉರಿಯುವುದು, ಧಸಕ್ಕೆನ್ನುವುದು ಮೂರೂ ಬೇರೆ ಬೇರೆ, ಅದನ್ನು ಯಂತ್ರ ಬಿಡಿಸಿ ಹೇಳದು. ‘ಮುತ್ಯಾ, ಯಾವಾಗಿಂದ ನೋಯಲತ್ತದ? ಎಡಗೈಗೆ ಇಳೀತದೇನು?’ ಎಂದು ಕೇಳಬಲ್ಲ ವೈದ್ಯ ಪಕ್ಕದಲ್ಲಿದ್ದರೆ ಪಟ್ಟಿಗೂ ಅರ್ಥ ಹೆಚ್ಚುತ್ತದೆ. ಸೆರಗು ಸರಿಸಲು ಹಿಂಜರಿಯುವ ಆಯಿಯ ಎದೆಗೆ ಆರು ವೈರು ಸರಿಯಾದ ಜಾಗದಲ್ಲಿ ಕೂರುವುದೂ ಅವಳ ಮಾತಿನಲ್ಲೇ ಧೈರ್ಯ ಹೇಳುವ ಹುಡುಗಿ ಇದ್ದಾಗ. ಗಡಿಭಾಗದ ಆಸ್ಪತ್ರೆಗಳಿಗೆ ಇಂಥವರು ಬೇಕೇಬೇಕು.

ಗೆಳೆಯನ ಆರೋಗ್ಯದ ಪಟ್ಟಿಯಿಂದಲೇ ಪಾಠ ಶುರುವಾಗುವುದಕ್ಕೆ ಕಾರಣವಿದೆ: ಸರಿಯಾದದ್ದನ್ನು ನೂರು ಸಲ ಕಂಡ ಕಣ್ಣಿಗೆ ಕ್ಯೂಆರ್‌ಎಸ್ ಮತ್ತು ಟಿ ನಡುವಿನ ಗೆರೆ ಕೊಂಚ ಮೇಲೆದ್ದರೂ ಗೊತ್ತಾಗುತ್ತದೆ. ಹೃದಯಾಘಾತದ ದೊಡ್ಡ ಸುಳಿವು ಅಲ್ಲೇ ಇರುವುದು. ಆದರೆ ಮೊದಲ ಪಟ್ಟಿ ಚೆನ್ನಾಗಿದ್ದೂ ಆಘಾತ ಆಗುತ್ತಿರಬಹುದು; ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು.

ಎದೆನೋವನ್ನು ‘ಗ್ಯಾಸ್ ಆಗ್ಯದ’ ಎಂದು ಸೋಡಾ ಕುಡಿದು ಮಲಗಬೇಡಿ. ಮನೆಯ ಹಿರಿಯರ ಹಳೆಯ ಇಸಿಜಿ ಇದ್ದರೆ ಹುಡುಕಿ ಇಡಿ. ಹೊಸದರ ಪಕ್ಕ ಅದನ್ನಿಟ್ಟು ನೋಡಿದರೆ ವೈದ್ಯರಿಗೆ ಏನು ಬದಲಾಗಿದೆ ಎಂದು ತಿಳಿಯುತ್ತದೆ. ಶಾಖದಿಂದ ಅಚ್ಚಾಗುವ ಆ ಕಾಗದದ ಗೆರೆ ವರ್ಷಗಳಲ್ಲಿ ಮಾಸಿಹೋಗುತ್ತದೆ. ಇವತ್ತೇ ಒಂದು ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಒಂದು ಫೋಟೊ ತೆಗೆದಿಡಿ.