ಗೋಪ್ಯ ವಾರ್ತೆಗಳ ಗಣಕಜಾಲ

ರಾಜ್ಯದ ರಹಸ್ಯವನ್ನು ಕಾಯುವ ಚಿಂತೆ ರಾಜ್ಯದಷ್ಟೇ ಹಳೆಯದು. ಮಂತ್ರಾಲೋಚನೆಯ ಸ್ಥಳವು ಹಕ್ಕಿಗಳ ಕಣ್ಣಿಗೂ ಬೀಳಬಾರದೆಂದು, ಗಿಳಿ-ಗೊರವಂಕಗಳಿಂದಲೂ ರಹಸ್ಯ ಬಯಲಾದುದುಂಟೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಚ್ಚರಿಸಿದ್ದಾನೆ. ಮನುಷ್ಯನ ಅಜಾಗರೂಕತೆ, ಮದ್ಯದ ಅಮಲು, ನಿದ್ರೆಯ ಕನವರಿಕೆಗಳನ್ನೂ ಅವನು ಆ ಸಾಲಿಗೆ ಸೇರಿಸಿದ್ದಾನೆ. ಓಲೆಯ ಸ್ಥಾನಕ್ಕೆ ಕಾಗದ, ಕಾಗದದ ಸ್ಥಾನಕ್ಕೆ ಗಣಕಯಂತ್ರ ಬಂದರೂ ಆ ಚಿಂತೆ ತೀರಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವು ಇದಕ್ಕೆ ಉತ್ತಮ ನಿದರ್ಶನ.

ಗೋಪ್ಯ ಕಡತವು ಕಪಾಟಿನಲ್ಲಿರುತ್ತಿದ್ದ ಕಾಲದಲ್ಲಿ ಬೀಗ ಮತ್ತು ಕಾವಲುಗಾರ ಇವೆರಡೇ ಮುಖ್ಯ ರಕ್ಷೆಗಳಾಗಿದ್ದವು. ೧೯೬೦ರ ದಶಕದಲ್ಲಿ ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಪದ್ಧತಿ ಬಂದೊಡನೆ ಹೊಸ ಸಮಸ್ಯೆ ತಲೆದೋರಿತು. ಬೇರೆ ಬೇರೆ ಅಧಿಕಾರವುಳ್ಳವರ ಮಾಹಿತಿ ಒಂದೇ ಯಂತ್ರದೊಳಗಿದ್ದರೆ ಅದನ್ನು ಬೇರ್ಪಡಿಸಿಡುವುದು ಹೇಗೆ? ವಿಲ್ಲಿಸ್ ವೇರ್ ಅವರ ಅಧ್ಯಕ್ಷತೆಯ ಸಮಿತಿಯು ಈ ಪ್ರಶ್ನೆಯನ್ನು ಪರಿಶೀಲಿಸಿ ೧೯೭೦ರಲ್ಲಿ ವರದಿಯನ್ನು ಸಲ್ಲಿಸಿತು. ೧೯೭೩ರಲ್ಲಿ ಮೈಟರ್ ಸಂಸ್ಥೆಯ ಡೇವಿಡ್ ಬೆಲ್ ಮತ್ತು ಲೆನರ್ಡ್ ಲಾಪಡುಲಾ ಎರಡು ನಿಯಮಗಳನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿದರು. ಕೆಳಗಿನ ದರ್ಜೆಯವನು ಮೇಲಿನ ದರ್ಜೆಯ ಬರಹವನ್ನು ಓದಕೂಡದು. ಮೇಲಿನ ದರ್ಜೆಯಲ್ಲಿ ಕೆಲಸ ಮಾಡುತ್ತಿರುವವನು ಕೆಳಗಿನ ದರ್ಜೆಯ ಕಡತದಲ್ಲಿ ಬರೆಯಕೂಡದು. ಮೊದಲನೆಯದರ ಅಗತ್ಯ ಯಾರಿಗಾದರೂ ತಿಳಿಯುತ್ತದೆ. ಎರಡನೆಯದು ಸೂಕ್ಷ್ಮವಾದುದು: ಮರೆವಿನಿಂದಾಗಲಿ, ಕಪಟ ಕ್ರಮವಿಧಿಯ ಮೂಲಕವಾಗಲಿ ರಹಸ್ಯವು ನೀರಿನಂತೆ ಕೆಳಕ್ಕೆ ಹರಿಯಬಾರದೆಂಬುದೇ ಅದರ ಉದ್ದೇಶ.

ಯಂತ್ರಗಳು ಜಾಲವಾಗಿ ಹೆಣೆದುಕೊಂಡಾಗ ಜಾಲಗಳನ್ನೂ ದರ್ಜೆಗನುಸಾರ ಬೇರ್ಪಡಿಸಲಾಯಿತು. ಸಾಮಾನ್ಯ ವ್ಯವಹಾರಕ್ಕೆ ನಿಪ್ರನೆಟ್, 'ರಹಸ್ಯ' ದರ್ಜೆಯವರೆಗೆ ಸಿಪ್ರನೆಟ್, 'ಪರಮ ರಹಸ್ಯ' ಗುಪ್ತವಾರ್ತೆಗಳಿಗೆ ಜೇವಿಕ್ಸ್ ಎಂಬ ಜಾಲಗಳು ಏರ್ಪಟ್ಟವು. ಇಂಟರ್‌ನೆಟ್ಟಿನ ತಂತ್ರವನ್ನೇ ಬಳಸಿದರೂ ಗೋಪ್ಯ ಜಾಲಗಳು ಅದರಿಂದ ಪ್ರತ್ಯೇಕವಾಗಿವೆ. ಕಾವಲಿನ ಕಟ್ಟಡದಿಂದ ಹೊರಡುವ ಮೊದಲು ಸಂದೇಶವು ಸಂಕೇತಲಿಪಿಯಾಗಿ ಮಾರ್ಪಡುತ್ತದೆ. ಕೀಲಿಯಿಲ್ಲದವನಿಗೆ ಅದು ಅರ್ಥಹೀನ ಅಂಕಿಗಳ ರಾಶಿ. ಪರಮ ರಹಸ್ಯ ಜಾಲದ ಯಂತ್ರಗಳಿರುವ ಕೋಣೆಗಳಿಗೆ ಮೊಬೈಲ್ ಫೋನನ್ನು ಒಯ್ಯುವಂತಿಲ್ಲ.

ಆದರೆ ಬಚ್ಚಿಟ್ಟ ವಾರ್ತೆ ಸಕಾಲದಲ್ಲಿ ತಲುಪಬೇಕಾದವರಿಗೆ ತಲುಪದಿದ್ದರೆ ಅದರಿಂದೇನು ಫಲ? ೨೦೦೧ರ ಸೆಪ್ಟೆಂಬರ್ ೧೧ರ ದಾಳಿಯಲ್ಲಿ ಸುಮಾರು ಮೂರು ಸಾವಿರ ಜನರು ಮಡಿದರು. ವಿವಿಧ ಇಲಾಖೆಗಳು ತಮ್ಮಲ್ಲಿದ್ದ ವಾರ್ತೆಗಳನ್ನು ಪರಸ್ಪರ ಹಂಚಿಕೊಳ್ಳದಿದ್ದುದನ್ನು ೨೦೦೪ರ ತನಿಖಾ ಆಯೋಗದ ವರದಿ ಎತ್ತಿ ತೋರಿಸಿತು. ಬಾಗಿಲುಗಳು ಅಗಲವಾದವು, ಅಗಲವಾದ ಬಾಗಿಲಿನಿಂದ ಅಪಾಯವೂ ಹೆಚ್ಚಿತು.

೨೦೦೮ರಲ್ಲಿ ಮಧ್ಯಪ್ರಾಚ್ಯದ ಸೇನಾ ನೆಲೆಯೊಂದರಲ್ಲಿ ಯಂತ್ರಕ್ಕೆ ಚುಚ್ಚಿದ ಒಂದು ಪೆನ್‌ಡ್ರೈವ್‌ನಿಂದ ದುಷ್ಟ ಕ್ರಮವಿಧಿಯೊಂದು ಗೋಪ್ಯ ಜಾಲದೊಳಕ್ಕೂ ಹಬ್ಬಿತು. ಹೊರಗಿನ ತಂತಿ ಇಲ್ಲದಿದ್ದರೇನು, ಮನುಷ್ಯನ ಕೈಯೇ ಸೇತುವೆಯಾಯಿತು. ೨೦೧೦ರಲ್ಲಿ ಬಯಲಾದ ೨,೫೧,೨೮೭ ರಾಜತಾಂತ್ರಿಕ ಪತ್ರಗಳಾದರೋ ಇರಾಕಿನಲ್ಲಿದ್ದ ಸೇನಾ ವಿಶ್ಲೇಷಕನೊಬ್ಬನ ಕೈಯಿಂದ ಹೊರಬಿದ್ದವು. ಅವನಿಗೆ ಸಿಪ್ರನೆಟ್ಟಿನಲ್ಲಿ ಓದುವ ಅಧಿಕಾರವಿತ್ತು, ಓದಿದುದು ಸಿ.ಡಿ.ಗೆ ಇಳಿದು ಕಾವಲನ್ನು ದಾಟಿತು. ಕೆಳಕ್ಕೆ ಬರೆಯಬಾರದೆಂಬ ನಿಯಮವು ಯಂತ್ರದೊಳಗೆ ಎಷ್ಟೇ ಬಿಗಿಯಾಗಿದ್ದರೂ ಜೇಬಿನಲ್ಲಿ ಹೊರಹೋಗುವ ತಟ್ಟೆಯನ್ನು ಅದು ತಡೆಯಲಾರದು. ಒಳಗಿನವರಿಂದಲೇ ಒದಗುವ ಅಪಾಯವನ್ನು ತಡೆಯಲು ೨೦೧೧ರಲ್ಲಿ ಅಲ್ಲಿನ ಅಧ್ಯಕ್ಷರು ವಿಶೇಷ ಆಜ್ಞೆ ಹೊರಡಿಸಿದರು. ಆದರೂ ೨೦೨೩ರಲ್ಲಿ ವಾಯುಪಡೆಯ ಮೀಸಲು ದಳದಲ್ಲಿ ಗಣಕ ವ್ಯವಸ್ಥೆಯ ನಿರ್ವಹಣೆಗಿದ್ದ ತರುಣನೊಬ್ಬನು ಪರಮ ರಹಸ್ಯ ಪತ್ರಗಳನ್ನು ಗೆಳೆಯರ ಹರಟೆಯ ಕೂಟದಲ್ಲಿ ಹರಿಯಬಿಟ್ಟು ಬಂಧಿತನಾದನು. ಬೇಲಿಯೇ ಎದ್ದು ಹೊಲ ಮೇಯ್ದ ಮಾತು ಇದು.

ಇಂದಿನ ಜಾಲಗಳಲ್ಲಿ ಯಾರು, ಯಾವಾಗ, ಎಷ್ಟನ್ನು ತೆರೆದರೆಂಬುದನ್ನು ಯಂತ್ರವೇ ದಾಖಲಿಸುತ್ತದೆ. ಅಸಹಜವಾದ ನಡೆ ಕಂಡರೆ ಎಚ್ಚರಿಸುತ್ತದೆ. ಇವೆಲ್ಲ ಅವಶ್ಯಕವೇ. ಆದರೆ ಸಂಕೇತಲಿಪಿಯನ್ನು ಭೇದಿಸಲಾಗದವನಿಗೂ ನಂಬಿಕೆಗೆ ದ್ರೋಹ ಬಗೆಯುವುದು ಸುಲಭ. ಗಣಕಶಾಸ್ತ್ರವನ್ನು ಅಭ್ಯಸಿಸುವ ತರುಣರು ಯಂತ್ರದ ಕೀಲಿಯೊಡನೆ ಈ ಸತ್ಯವನ್ನೂ ಅರಿತಿರಬೇಕು. ಕೀಲಿ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಹಿಡಿದ ಕೈ ಶುದ್ಧವಾಗಿದ್ದರೆ ಮಾತ್ರ ಭಂಡಾರ ಸುರಕ್ಷಿತ.