ಮಂಗಳನ ಮಣ್ಣಿನ ಮೈಬಿಸಿ

ಚಳಿಗಾಲದ ಬೆಳಗಿನಲ್ಲಿ ಆಳವಾದ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ನೀರು ತಣ್ಣಗೆನಿಸುತ್ತದೆ. ಬದಲಾದದ್ದು ನೀರಲ್ಲ, ಹೊರಗಿನ ಹವೆ. ಬಿಸಿಲಿನ ಕಾವು ಮಣ್ಣಿನೊಳಗೆ ಇಳಿಯುವುದು ಬಹಳ ನಿಧಾನ. ಹಗಲು ರಾತ್ರಿಗಳ ಏರಿಳಿತ ಕೆಲವೇ ಅಡಿಗಳೊಳಗೆ ಅಳಿಸಿಹೋಗುತ್ತದೆ. ಋತುಗಳ ಏರಿಳಿತ ಇನ್ನೂ ಆಳಕ್ಕೆ ಹೋಗಿ ನಿಲ್ಲುತ್ತದೆ. ಅದಕ್ಕೂ ಕೆಳಗೆ ಸಿಗುವುದು ಭೂಮಿಯ ಸ್ವಂತ ಶಾಖ.

ಈ ಶಾಖದ ಒಂದು ಪಾಲು ಭೂಮಿ ಹುಟ್ಟಿದಾಗಿನಿಂದ ಉಳಿದುಬಂದದ್ದು. ಇನ್ನೊಂದು ಪಾಲು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನಂಥ ಧಾತುಗಳ ವಿಕಿರಣದಿಂದ ಬರುತ್ತಿರುವುದು. ಜ್ವಾಲಾಮುಖಿ, ಭೂಕಂಪ, ಖಂಡಗಳ ಚಲನೆ ಎಲ್ಲಕ್ಕೂ ಮೂಲ ಇದೇ. ಆದ್ದರಿಂದ ಒಂದು ಗ್ರಹದ ಒಡಲು ಇನ್ನೂ ಎಷ್ಟು ಬಿಸಿಯಾಗಿದೆ ಎಂದು ತಿಳಿಯಬೇಕಾದರೆ ಅದರ ನೆಲದಿಂದ ಎಷ್ಟು ಶಾಖ ಹೊರಬರುತ್ತಿದೆ ಎಂದು ಅಳೆಯಬೇಕು. ಸೌರಮಂಡಲದ ಅತಿ ಎತ್ತರದ ಜ್ವಾಲಾಮುಖಿಗಳಲ್ಲಿ ಒಂದಾದ ಒಲಿಂಪಸ್ ಮಾನ್ಸ್ ಇರುವ ಮಂಗಳ ಗ್ರಹದ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ.

ಈ ಲೆಕ್ಕಕ್ಕೆ ಬೇಕಾದ ಅಂಕಿಗಳು ಎರಡೇ: ಆಳ ಹೆಚ್ಚಿದಂತೆ ಉಷ್ಣತೆ ಎಷ್ಟು ಹೆಚ್ಚುತ್ತದೆ ಎಂಬುದು ಒಂದು, ಮಣ್ಣು ಎಷ್ಟು ಸುಲಭವಾಗಿ ಶಾಖವನ್ನು ಸಾಗಗೊಡುತ್ತದೆ ಎಂಬುದು, ಅಂದರೆ ಅದರ ಉಷ್ಣವಾಹಕತೆ, ಇನ್ನೊಂದು. ಎರಡನ್ನೂ ಗುಣಿಸಿದರೆ ಉತ್ತರ ದೊರೆಯುತ್ತದೆ. ಈ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. 1837ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇಮ್ಸ್ ಫೋರ್ಬ್ಸ್ ನೆಲದೊಳಗೆ ಉದ್ದನೆಯ ಥರ್ಮಾಮೀಟರುಗಳನ್ನು ಹೂಳಿಸಿದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಅಂಥ ಅಳತೆಗಳನ್ನು ಆಧರಿಸಿ, ಭೂಮಿಯ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷಗಳೊಳಗೆ ಇರಬೇಕೆಂದು 1862ರಲ್ಲಿ ಅಂದಾಜು ಮಾಡಿದರು. ಅವರ ಗಣಿತ ಸರಿಯಾಗಿಯೇ ಇತ್ತು. ಆದರೆ ಭೂಗರ್ಭದ ಶಿಲೆ ನಿಧಾನವಾಗಿ ಹರಿದು ಶಾಖವನ್ನು ಮೇಲಕ್ಕೆ ಸಾಗಿಸುತ್ತದೆ ಎಂಬುದಾಗಲಿ, ವಿಕಿರಣದಿಂದ ಶಾಖ ಹುಟ್ಟುತ್ತದೆ ಎಂಬುದಾಗಲಿ ಅವರ ಲೆಕ್ಕದಲ್ಲಿರಲಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ಈಗ ತಿಳಿದಿದೆ.

ಭೂಮಿಯ ಹೊರಗೆ ಈ ಅಳತೆ ಮೊದಲು ನಡೆದದ್ದು ಚಂದ್ರನಲ್ಲಿ. 1971ರ ಅಪೋಲೋ 15 ಮತ್ತು 1972ರ ಅಪೋಲೋ 17ರ ಯಾತ್ರಿಗಳು ನೆಲ ಕೊರೆದು ಉಷ್ಣತೆಯ ಶೋಧಕಗಳನ್ನು ಇಳಿಸಿದರು. ಮನುಷ್ಯರೇ ನಿಂತು ಕೊರೆದರೂ ಅಪೋಲೋ 15ರ ಕೊರೆಯುವ ಯಂತ್ರ ಅರ್ಧದಲ್ಲೇ ಸಿಕ್ಕಿಬಿದ್ದಿತ್ತು. ಅಪೋಲೋ 16ರಲ್ಲಂತೂ ಯಾತ್ರಿಯೊಬ್ಬರ ಕಾಲಿಗೆ ತೊಡರಿ ಕೇಬಲ್ಲೇ ಕಿತ್ತುಬಂದು ಇಡೀ ಪ್ರಯೋಗ ಕೈತಪ್ಪಿತು.

ಮನುಷ್ಯರಿಲ್ಲದ ಮಂಗಳನಲ್ಲಿ ಈ ಕೆಲಸಕ್ಕೆ ಹೊರಟದ್ದು ಅಮೆರಿಕದ ನಾಸಾ ಸಂಸ್ಥೆಯ ಇನ್‌ಸೈಟ್ ನೌಕೆ. 2018ರ ಮೇ 5ರಂದು ಹೊರಟ ನೌಕೆ ಅದೇ ವರ್ಷದ ನವೆಂಬರ್ 26ರಂದು ಮಂಗಳನ ಎಲಿಸಿಯಂ ಬಯಲಿನಲ್ಲಿ ಇಳಿಯಿತು. ಅದರಲ್ಲಿ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಸಿದ್ಧಪಡಿಸಿದ್ದ, ಸುಮಾರು 40 ಸೆಂಟಿಮೀಟರ್ ಉದ್ದದ, ದಪ್ಪ ಮೊಳೆಯಂಥ ಉಪಕರಣವಿತ್ತು. ನೆಲದೊಳಗೆ ಸುರಂಗ ತೋಡಿ ಬದುಕುವ ಪುಟ್ಟ ಪ್ರಾಣಿಯೊಂದರ ನೆನಪಿಗೆ ಅದನ್ನು ‘ಮೋಲ್’ ಎಂದು ಕರೆದರು. ತನ್ನ ಹಿಂದೆ 14 ಉಷ್ಣತಾ ಶೋಧಕಗಳಿರುವ ಪಟ್ಟಿಯನ್ನು ಎಳೆದುಕೊಂಡು ಅದು 5 ಮೀಟರ್ ಆಳಕ್ಕೆ ಇಳಿಯಬೇಕಿತ್ತು. ಬಿಸಿಲಿನ ಪ್ರಭಾವ ದಾಟಲು ಆ ಆಳ ಅಗತ್ಯ. 2019ರ ಫೆಬ್ರವರಿಯಲ್ಲಿ ಅಲ್ಲಿನ ಹವೆ ಹಗಲಿನಲ್ಲಿ ಸೊನ್ನೆಗಿಂತ 17 ಡಿಗ್ರಿ ಕೆಳಗಿದ್ದರೆ, ರಾತ್ರಿ 95 ಡಿಗ್ರಿ ಕೆಳಗೆ ಹೋಗುತ್ತಿತ್ತು.

ಗೂಟ ಬಡಿಯುವವನು ನೆಲದ ಮೇಲೆ ನಿಂತಿರುತ್ತಾನೆ. ಪ್ರತಿ ಏಟಿನ ಹಿಮ್ಮೆಟ್ಟನ್ನು ಅವನ ಕೈಕಾಲುಗಳು ತಾಳಿಕೊಳ್ಳುತ್ತವೆ. ಮೋಲ್‌ನಲ್ಲಿ ಸುತ್ತಿಗೆ ಇದ್ದದ್ದು ಗೂಟದ ಒಳಗೇ. ಒಳಗಿನ ಸ್ಪ್ರಿಂಗ್ ಬಿಗಿದು, ಬಿಟ್ಟಾಗ ಸುತ್ತಿಗೆ ಕೆಳಕ್ಕೆ ಬಡಿಯುತ್ತದೆ. ಹಿಮ್ಮೆಟ್ಟನ್ನು ತಡೆಯಬೇಕಾದದ್ದು ಸುತ್ತಲಿನ ಮಣ್ಣಿನ ಘರ್ಷಣೆ. ಸಡಿಲ ಮರಳು ಸುತ್ತ ಕುಸಿದು ಮೈಗೆ ಒತ್ತಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಈ ವಿನ್ಯಾಸ ನಿಂತಿತ್ತು.

2019ರ ಫೆಬ್ರವರಿ 28ರಂದು ಬಡಿತ ಆರಂಭವಾಯಿತು. ಸುಮಾರು 35 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೋಲ್ ನಿಂತುಹೋಯಿತು. ಮೊದಲು ಕಲ್ಲು ಅಡ್ಡಬಂದಿರಬಹುದೆಂಬ ಅನುಮಾನವಿತ್ತು. ಮೇಲಿನ ಆಸರೆಯನ್ನು ಸರಿಸಿ ನೋಡಿದಾಗ ಮೋಲ್‌ನ ಸುತ್ತ ಅಂಚು ಕುಸಿಯದ ಗುಳಿಯೊಂದು ಕಂಡಿತು. ಅಲ್ಲಿನ ಮಣ್ಣು ಕಣಕಣ ಅಂಟಿ ಗಟ್ಟಿಯಾದ ಹೆಪ್ಪಿನಂತಿತ್ತು. ಆಸರೆಯಿಲ್ಲದೆ ಮೋಲ್ ಇದ್ದಲ್ಲೇ ಪುಟಿಯುತ್ತಿತ್ತು. ನೌಕೆಯ ಯಂತ್ರತೋಳಿನಿಂದ ಅದನ್ನು ಪಕ್ಕಕ್ಕೆ ಒತ್ತಿಹಿಡಿದಾಗ ಸ್ವಲ್ಪ ಇಳಿಯಿತು. ಆದರೆ 2019ರ ಅಕ್ಟೋಬರ್ 26ರಂದು ಅರ್ಧ ಮೈ ಹೊರಗೆ ಬಂದುಬಿಟ್ಟಿತು. ಮುಂದಿನ ವರ್ಷ ನೆತ್ತಿಯ ಮೇಲೆಯೇ ಒತ್ತಿ ಹೇಗೋ ಒಳಗಿಳಿಸಿದರು. 2021ರ ಜನವರಿ 9ರಂದು ಕೊನೆಯದಾಗಿ 500 ಏಟು ಹಾಕಿಸಿದರೂ ಮೋಲ್ ಮುಂದೆ ಹೋಗಲಿಲ್ಲ. ಪ್ರಯತ್ನವನ್ನು ಅಲ್ಲಿಗೇ ಕೈಬಿಡಲಾಯಿತು. ಅದರ ನೆತ್ತಿ ನೆಲದಿಂದ ಎರಡು-ಮೂರು ಸೆಂಟಿಮೀಟರ್ ಮಾತ್ರ ಕೆಳಗಿತ್ತು.

ಇಷ್ಟಾದರೂ ಕೆಲಸ ಪೂರ್ತಿ ಕೆಡಲಿಲ್ಲ. ಮೋಲ್‌ನ ಹೊರಕವಚವನ್ನೇ ಕಾಯಿಸಬಹುದಾಗಿತ್ತು. ಗೊತ್ತಾದ ಪ್ರಮಾಣದ ವಿದ್ಯುತ್ತಿನಿಂದ ಅದನ್ನು ಗಂಟೆಗಟ್ಟಲೆ ಕಾಯಿಸಿ, ಬಿಸಿ ಎಷ್ಟು ಬೇಗ ಏರುತ್ತದೆಂದು ನೋಡಿದರು. ಹೊದಿಕೆ ದಪ್ಪವಿದ್ದಷ್ಟೂ ಬಿಸಿ ಬೇಗ ಏರುವಂತೆ, ಮಣ್ಣು ಶಾಖವನ್ನು ತಡೆದಷ್ಟೂ ಕವಚ ಬೇಗ ಕಾಯುತ್ತದೆ. ಹೀಗೆ ದೊರೆತ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.039 ವ್ಯಾಟ್. ಇದು ಹೆಚ್ಚುಕಡಿಮೆ ಥರ್ಮೋಕೋಲಿನ ಗುಣ. ಭೂಮಿಯ ತೇವದ ಮಣ್ಣಿನಲ್ಲಿ ಈ ಅಂಕಿ ಸಾಮಾನ್ಯವಾಗಿ ಒಂದರ ಆಸುಪಾಸು ಅಥವಾ ಅದಕ್ಕೂ ಹೆಚ್ಚು.

ಕಾರಣ ಎರಡು. ಮಂಗಳನ ಗಾಳಿಯ ಒತ್ತಡ ಭೂಮಿಯದರ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಕಣಗಳ ನಡುವಿನ ಅನಿಲ ಹೆಚ್ಚು ಶಾಖ ಸಾಗಿಸಲಾರದು. ಕಣಗಳು ಪರಸ್ಪರ ತಾಗುವ ಜಾಗವೂ ಅತಿ ಕಿರಿದು. ಋತು ಬದಲಾದಂತೆ ಧ್ರುವಗಳಲ್ಲಿ ಇಂಗಾಲದ ಡೈಆಕ್ಸೈಡ್ ಹಿಮವಾಗಿ ಗಾಳಿಯ ಒತ್ತಡ ತಗ್ಗುತ್ತದೆ. ಆ ಏರಿಳಿತದೊಂದಿಗೆ ಈ ಬಯಲಿನ ಮಣ್ಣಿನ ಉಷ್ಣವಾಹಕತೆಯೂ ಸ್ವಲ್ಪ ಸ್ವಲ್ಪ ಬದಲಾಗುವುದನ್ನು ಮೋಲ್ ಗುರುತಿಸಿತು. ಕಕ್ಷೆಯಿಂದ ನೋಡುವ ನೌಕೆಗಳು ನೆಲದ ಉಷ್ಣತೆಯಿಂದ ಮಣ್ಣಿನ ಸ್ವರೂಪವನ್ನು ಊಹಿಸುತ್ತವೆ. ಆ ಊಹೆಗಳನ್ನು ನೆಲದ ಮೇಲಿನ ಇಂಥ ನಿಜವಾದ ಅಳತೆಯೊಂದಿಗೆ ಹೋಲಿಸಿ ನೋಡಲು ಈಗ ಸಾಧ್ಯವಾಗಿದೆ.

ಇದೇ ಜಾತಿಯ ಅಳತೆಯನ್ನು ಭಾರತವೂ ಚಂದ್ರನಲ್ಲಿ ಮಾಡಿದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಕಡೆಗೆ ಇಳಿದ ಚಂದ್ರಯಾನ-3ರ ‘ಚೇಸ್ಟ್’ ಉಪಕರಣದಲ್ಲಿ ಹತ್ತು ಉಷ್ಣತಾ ಶೋಧಕಗಳಿದ್ದವು. ಅಲ್ಲಿ ಸುತ್ತಿಗೆಯಿರಲಿಲ್ಲ, ಶೋಧಕವನ್ನು ನಿಧಾನವಾಗಿ, ಹಿಡಿತದಲ್ಲಿಟ್ಟುಕೊಂಡು ಮಣ್ಣಿಗೆ ಇಳಿಸುವ ವ್ಯವಸ್ಥೆಯಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಬಂದ ಅಂಕಿಗಳಂತೆ, ಮೇಲೆ 50 ಡಿಗ್ರಿಗೂ ಹೆಚ್ಚಿದ್ದ ಉಷ್ಣತೆ 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿತ್ತು. ನಾಲ್ಕು ಬೆರಳು ದಾಟುವಷ್ಟರಲ್ಲಿ ಸುಡು ಬಿಸಿಲಿನಿಂದ ಕೊರೆವ ಚಳಿಗೆ!

ಚೇಸ್ಟ್ ಇಳಿದದ್ದು 10 ಸೆಂಟಿಮೀಟರ್ ಮಾತ್ರ. ಗ್ರಹದ ಒಡಲಿನ ಶಾಖ ತಿಳಿಯಲು ಅಷ್ಟು ಸಾಲದು. ಇನ್‌ಸೈಟ್ ನೌಕೆಯೂ 2022ರ ಡಿಸೆಂಬರಿನಲ್ಲಿ ಮೌನವಾಯಿತು. ಮಂಗಳನ ಒಡಲಿನಿಂದ ಎಷ್ಟು ಶಾಖ ಹೊರಬರುತ್ತಿದೆ ಎಂಬ ಪ್ರಶ್ನೆಗೆ ನೇರ ಅಳತೆಯ ಉತ್ತರ ಇನ್‌ಸೈಟ್‌ಗೆ ದೊರೆಯಲಿಲ್ಲ. ಲೆಕ್ಕಕ್ಕೆ ಬೇಕಾದ ಎರಡು ಅಂಕಿಗಳಲ್ಲಿ ಒಂದು, ಅದೂ ಮೇಲ್ಪದರದ್ದು ಮಾತ್ರ, ಕೈಗೆ ಬಂದಿತು. ಇನ್ನೊಂದಕ್ಕಾಗಿ ಮುಂದೆ ಹೋಗುವವರು ಕುಸಿಯದೆ ನಿಲ್ಲುವ ಆ ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡೇ ತಮ್ಮ ಯಂತ್ರವನ್ನು ಕಟ್ಟಬೇಕಾಗುತ್ತದೆ.