ಹರಿಹರದ ತೀರದಲ್ಲಿ ಪರಸ್ಥಳ ವಿವಾಹಗಳು

ವಿವಾಹವು ವಧುವಿನ ಮನೆಯ ಮುಂದಣ ಚಪ್ಪರದಲ್ಲಿಯೇ ನಡೆಯತಕ್ಕದ್ದೆಂಬ ಪದ್ಧತಿಯು ನಗರಗಳಲ್ಲಿ ಅಳಿದು ಬಹುಕಾಲವಾಯಿತು. ಚಪ್ಪರದಿಂದ ಛತ್ರಕ್ಕೆ, ಛತ್ರದಿಂದ ಕಲ್ಯಾಣಮಂಟಪಕ್ಕೆ ಬಂದ ಮಂಗಳಕಾರ್ಯವು ಈಗ ಉದಯಪುರಕ್ಕೂ ಗೋವೆಗೂ ಪ್ರಯಾಣ ಹೊರಟಿರುವುದು. ಹರಕೆ ಹೊತ್ತು ತಿರುಪತಿಯಲ್ಲಿಯೋ ಧರ್ಮಸ್ಥಳದಲ್ಲಿಯೋ ಧಾರೆಯೆರೆಯುವುದು ನಮ್ಮವರಿಗೆ ಮೊದಲಿನಿಂದಲೂ ರೂಢಿ. ಅಂದು ದೇವರಿಗಾಗಿ ಹೋದರು. ಇಂದು ಛಾಯಾಚಿತ್ರಕ್ಕಾಗಿ ಹೋಗುವರು.

2023ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ, ಸಿರಿವಂತರು ಪರದೇಶಗಳಲ್ಲಿ ಮದುವೆ ಮಾಡುವುದನ್ನು ಬಿಟ್ಟು ಸ್ವದೇಶದಲ್ಲಿಯೇ ಮಾಡಬೇಕೆಂದು ಕೋರಿದರು. ದೇಶಕ್ಕೆ ಸಲ್ಲುವ ಈ ನ್ಯಾಯವು ಜಿಲ್ಲೆಗೂ ಸಲ್ಲಬೇಡವೆ? ದಾವಣಗೆರೆಯ ವರ್ತಕನ ಹಣವು ರಾಜಸ್ಥಾನದ ಅರಮನೆಗೆ ಹೋದರೆ ಇಲ್ಲಿಯ ಹೂವಾಡಿಗನಿಗೂ ಅಡಿಗೆಯವನಿಗೂ ವಾಲಗದವನಿಗೂ ದಕ್ಕುವುದೇನು? ದೂರದ ಮದುವೆಗೆ ವೃದ್ಧೆಯಾದ ಸೋದರತ್ತೆಯೂ ಬಡ ದಾಯಾದಿಯೂ ಬರಲಾರರೆಂಬುದು ಬೇರೆಯ ಮಾತು.

ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರುಗಳ ಅಂತರದಲ್ಲಿ, ರೈಲುದಾರಿಯ ಮೇಲೆಯೇ ಹರಿಹರವಿದೆ. ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಶಿವನೂ ವಿಷ್ಣುವೂ ಒಂದೇ ಮೂರ್ತಿಯಾಗಿ ನಿಂತಿರುವರು. ಎರಡು ಮನೆತನಗಳು ಕೂಡುವುದಕ್ಕೆ ಇದಕ್ಕಿಂತ ಉಚಿತವಾದ ಸನ್ನಿಧಿಯು ಯಾವುದು? ಗುಡಿಯ ಬಳಿಯ ತುಂಗಭದ್ರೆಯು 1956ರ ವರೆಗೆ ರಾಜ್ಯಗಳ ಗಡಿಯಾಗಿದ್ದಿತು. ಈಚೆ ಮೈಸೂರು, ಆಚೆ ಮುಂಬಯಿ. ಆಡಳಿತಗಾರರು ಎಳೆದ ಆ ಗೆರೆಯನ್ನು ಬೀಗತನಗಳು ಎಂದಿಗೂ ಮನ್ನಿಸಲಿಲ್ಲ.

ಆದರೆ ಗುಡಿಯ ಅಂಗಳವನ್ನೇ ಶಾಮಿಯಾನಕ್ಕೆ ಬಿಟ್ಟುಕೊಡಬೇಕೆನ್ನುವವರೊಡನೆ ನಾವು ಸಮ್ಮತಿಸಲಾರೆವು. ಅದು ಕೇಂದ್ರದ ಪ್ರಾಚ್ಯವಸ್ತು ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕ. 1959ರ ನಿಯಮಗಳ ಮೇರೆಗೆ ರೂಢಿಯ ದೇವಕಾರ್ಯವೊಂದನ್ನುಳಿದು, ಲಿಖಿತ ಅನುಮತಿಯಿಲ್ಲದೆ ಅಲ್ಲಿ ಸತ್ಕಾರಕೂಟ ಕೂಡದು. ಸುತ್ತಲಿನ ನೂರು ಮೀಟರುಗಳಲ್ಲಿ ಹೊಸ ಕಟ್ಟಡವೂ ಕೂಡದು. ತಾಳಿ ಕಟ್ಟುವುದು ದೇವರ ಮುಂದೆ ಆಗಲಿ. ಊಟ, ಬಿಡಾರ, ವಾದ್ಯಗೋಷ್ಠಿಗಳು ಊರ ಹೊರಗೂ ದಾವಣಗೆರೆಯ ಮಂಟಪಗಳಲ್ಲಿಯೂ ನಡೆಯಲಿ.

ಎಂಜಲೆಲೆಯೂ ಪ್ಲಾಸ್ಟಿಕ್ಕಿನ ಲೋಟವೂ ನದಿಯ ಪಾಲಾಗದಂತೆ ನೋಡುವವರಾರು? ಆಷಾಢ ಬಂದೊಡನೆ ಕೆಲಸವಿಲ್ಲದೆ ಕುಳಿತುಕೊಳ್ಳುವ ಬಡಿಸುವವರಿಗೆ ನೇಮಕದ ಕೂಲಿಯುಂಟೆ? ಯಾತ್ರಿಕರನ್ನು ಕರೆಯುವ ಮೊದಲು ನಗರಸಭೆಯೂ ಜಿಲ್ಲಾಡಳಿತವೂ ಈ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಸಿದ್ಧಪಡಿಸಬೇಕು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿರುವ ಕ್ರಮವನ್ನು ಅಧಿಕಾರಿಗಳು ಒಮ್ಮೆ ಹೋಗಿ ನೋಡಿಬರುವುದು ಲೇಸು; ಹರಿಹರದ ಮುಹೂರ್ತಗಳಲ್ಲಿ ಕೆಲವನ್ನಾದರೂ ಬಡವರಿಗೆಂದು ಮೊದಲೇ ತೆಗೆದಿರಿಸಲು ಆಗ ದಾರಿ ತಿಳಿದೀತು.